ಮನೆಗೆ ಬ್ರಾಡ್‌ಬ್ಯಾಂಡ್: ಸ್ಪೀಡ್ ಆಮೇಲೆ ನೋಡೋಣ, ಮೊದಲು ಯಾವ ಲೈನ್ ಅಂತ ಕೇಳಿ

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡ ಹಾಗೆ ಇಷ್ಟು. ಮನೆಯಲ್ಲಿ ನಾಲ್ಕು ಜನ, ಅವರಲ್ಲಿ ಒಬ್ಬರಿಗೆ ಮನೆಯಿಂದಲೇ ಆಫೀಸ್ ಕೆಲಸ. ಮುಂದೆ ಮೂರು ಆಫರ್ ಇವೆ. ಒಂದು, 100 ಎಂಬಿಪಿಎಸ್‌ನ ಫೈಬರ್, ದರ ಸಾಧಾರಣ. ಎರಡು, ಕೇಬಲ್ ಟಿವಿ ಲೈನಿನಲ್ಲೇ ಬರುವ 300 ಎಂಬಿಪಿಎಸ್, ಜೊತೆಗೆ ರೂಟರ್ ಫ್ರೀ, ಸಿನಿಮಾ ಆ್ಯಪ್‌ಗಳೂ ಫ್ರೀ. ಮೂರು, ವೈರೇ ಬೇಡದ 5ಜಿ ಡಬ್ಬಿ, ಮೊದಲ ಆರು ತಿಂಗಳು ತುಂಬಾ ಅಗ್ಗ. ಯಾವುದನ್ನು ತಗೊಳ್ಳಲಿ ಅಂತ ಕೇಳಿದ್ದೀರಿ.

ನಾನಾಗಿದ್ದರೆ ಮೊದಲನೆಯದನ್ನೇ ತಗೊಳ್ಳುತ್ತಿದ್ದೆ. ಆದರೆ ಸಂಜೆ ಹೊತ್ತು ಅದು ಹೇಗೆ ಓಡುತ್ತದೆ, ಕೆಟ್ಟರೆ ಎಷ್ಟು ಬೇಗ ಬಂದು ಸರಿ ಮಾಡುತ್ತಾರೆ, ಇವೆರಡನ್ನು ವಿಚಾರಿಸಿಕೊಂಡ ಮೇಲೆ. ನೆಂಟರಿಷ್ಟರ ಮನೆಗೆ ಇಂಟರ್ನೆಟ್ ಹಾಕಿಸುವಾಗೆಲ್ಲ ಫೋನ್ ನನಗೇ ಬರುತ್ತದೆ. ಎಲ್ಲರೂ ಮೊದಲು ಕೇಳುವುದು ಸ್ಪೀಡ್ ಎಷ್ಟು ಅಂತ. ನನ್ನ ಪ್ರಕಾರ ಕೊನೆಗೆ ನೋಡಬೇಕಾದ ಅಂಕಿ ಅದು.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. 4ಕೆ ಸಿನಿಮಾಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಫುಲ್ ಎಚ್‌ಡಿಗೆ 5 ಸಾಕು. ಎಚ್‌ಡಿ ವಿಡಿಯೋ ಕಾಲ್‌ಗೆ ಹೋಗಲು ಬರಲು ತಲಾ 3ರಿಂದ 4 ಬೇಕು. ನಿಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಎರಡು ಟಿವಿಯಲ್ಲಿ 4ಕೆ, ಒಂದು ಫೋನಿನಲ್ಲಿ ಎಚ್‌ಡಿ, ಒಂದು ಆಫೀಸ್ ಮೀಟಿಂಗ್ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಎಲ್ಲ ಸೇರಿ 40 ದಾಟುವುದಿಲ್ಲ. 100 ಇದ್ದರೆ ಅರ್ಧಕ್ಕಿಂತ ಜಾಸ್ತಿ ಖಾಲಿಯೇ ಉಳಿಯುತ್ತದೆ.

ಹಾಗಾದರೆ 300 ಯಾರಿಗೆ ಬೇಕು? ದೊಡ್ಡ ಫೈಲ್ ಡೌನ್‌ಲೋಡ್ ಮಾಡುವವರಿಗೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಫೈಲಿನ ಗಾತ್ರ ಹೇಳುವುದು ಬೈಟ್‌ನಲ್ಲಿ, ಒಂದು ಬೈಟ್‌ಗೆ 8 ಬಿಟ್. ಅಂದರೆ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. 50 ಜಿಬಿಯ ಗೇಮ್ ಇಳಿಯಲು ಒಂದು ಗಂಟೆಯ ಮೇಲೆ ಏಳೆಂಟು ನಿಮಿಷ ಬೇಕು. 300ರಲ್ಲಿ ಅದೇ ಗೇಮ್ ಇಪ್ಪತ್ತೆರಡು ಇಪ್ಪತ್ಮೂರು ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಮನೆಯಲ್ಲಿ ಗೇಮ್ ಹುಚ್ಚಿನ ಮಕ್ಕಳಿದ್ದರೆ ಆ ವ್ಯತ್ಯಾಸಕ್ಕೆ ಬೆಲೆ ಇದೆ. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಈಗ ಲೈನಿನ ವಿಷಯ. ಇಲ್ಲೇ ಅಸಲಿ ವ್ಯತ್ಯಾಸ ಇರುವುದು.

ಫೈಬರ್‌ನಲ್ಲಿ ಗಾಜಿನ ಎಳೆಯೊಳಗೆ ಬೆಳಕು ಹರಿಯುತ್ತದೆ, ಕರೆಂಟಲ್ಲ. ಹಾಗಾಗಿ ಕೆಲವು ಕಿಲೋಮೀಟರ್ ದೂರ ಇದ್ದರೂ ಸ್ಪೀಡ್ ಇಳಿಯುವುದಿಲ್ಲ. ಹಳೆಯ ಟೆಲಿಫೋನ್ ತಾಮ್ರದ ತಂತಿಯಲ್ಲಿ ಬರುವ ಡಿಎಸ್‌ಎಲ್ ಹಾಗಲ್ಲ. ಎಕ್ಸ್‌ಚೇಂಜ್‌ನಿಂದಲೋ ಬೀದಿಯ ಡಬ್ಬಿಯಿಂದಲೋ ಮನೆ ದೂರ ಆದಷ್ಟೂ ಅದರ ಸ್ಪೀಡ್ ಕುಸಿಯುತ್ತದೆ. ಇಲ್ಲೊಂದು ಮಾತಿನ ಜಾಣತನ ಇದೆ, ಗಮನಿಸಿ. ಬೀದಿಯ ಡಬ್ಬಿವರೆಗೆ ಮಾತ್ರ ಫೈಬರ್ ತಂದು, ಅಲ್ಲಿಂದ ಮನೆಗೆ ಹಳೆಯ ತಂತಿಯಲ್ಲೇ ಕೊಟ್ಟು, ಅದನ್ನೂ ‘ಫೈಬರ್’ ಅಂತಲೇ ಮಾರುವವರಿದ್ದಾರೆ. ‘ಫೈಬರ್ ನನ್ನ ಮನೆಯೊಳಗೇ ಬರುತ್ತದಾ?’ ಅಂತ ನೇರವಾಗಿ ಕೇಳಿ. ಒಳಗೇ ಬಂದರೆ ಗೋಡೆಯ ಮೇಲೆ ಒಎನ್‌ಟಿ ಅನ್ನುವ, ಬೆಳಕನ್ನು ರೂಟರಿಗೆ ಅರ್ಥವಾಗುವ ಸಿಗ್ನಲ್ ಮಾಡುವ ಸಣ್ಣ ಪೆಟ್ಟಿಗೆ ಕೂರುತ್ತದೆ, ಇಲ್ಲವೇ ರೂಟರಿನೊಳಗೇ ಅದು ಸೇರಿರುತ್ತದೆ.

ಫೈಬರ್ ಆದರೂ ಅದು ನಿಮ್ಮೊಬ್ಬರದೇ ಅಲ್ಲ. ಬಹಳ ಕಡೆ ಬಳಸುವ, ಒಂದೇ ಎಳೆಯನ್ನು ಹಲವು ಮನೆಗೆ ಕವಲೊಡೆಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಗೆ ಡೌನ್‌ಲೋಡ್ ಸುಮಾರು 2.5 ಜಿಬಿಪಿಎಸ್ (ಅಂದರೆ 2,500 ಎಂಬಿಪಿಎಸ್), ಅಪ್‌ಲೋಡ್ 1.25 ಜಿಬಿಪಿಎಸ್. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಪೂರ್ತಿ ಸ್ಪೀಡ್ ಎಳೆಯುವುದಿಲ್ಲ ಅನ್ನುವ ಲೆಕ್ಕದ ಮೇಲೆಯೇ ಈ ವ್ಯಾಪಾರ ನಿಂತಿದೆ. ಆ ಲೆಕ್ಕ ಮುರಿಯುವುದು ರಾತ್ರಿ ಎಂಟರಿಂದ ಹನ್ನೊಂದರ ಒಳಗೆ. ಕೇಬಲ್ ಲೈನಿನಲ್ಲೂ ಇದೇ ಹಂಚಿಕೆ, ಇನ್ನೂ ಬಿಗಿ. ಅದರಲ್ಲೂ ಅಪ್‌ಲೋಡ್‌ಗೆ ಬಿಟ್ಟಿರುವ ಜಾಗ ಬಹಳ ಕಡಿಮೆ. ಡೌನ್‌ಲೋಡ್ 300 ಅಂತ ದೊಡ್ಡದಾಗಿ ಬರೆದ ಪ್ಲಾನಿನಲ್ಲಿ ಅಪ್‌ಲೋಡ್ 10 ಅಂತ ಮೂಲೆಯಲ್ಲಿ ಸಣ್ಣದಾಗಿ ಇರಬಹುದು, ಹುಡುಕಿ ನೋಡಿ.

ಮನೆಯಿಂದ ಕೆಲಸ ಮಾಡುವವರಿಗೆ ಈ ಅಪ್‌ಲೋಡ್ ಬಹಳ ಮುಖ್ಯ. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ, ಸ್ಕ್ರೀನ್ ಎಲ್ಲ ಹೋಗುವುದು ಆ ದಾರಿಯಲ್ಲೇ. ಮನೆಯಲ್ಲಿ ಯಾರದ್ದೋ ಫೋನ್ ಅದೇ ಹೊತ್ತಿಗೆ ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಏರಿಸಲು ಶುರು ಮಾಡಿದರೆ ಅಪ್‌ಲೋಡ್ ತುಂಬಿಹೋಗುತ್ತದೆ. ಆಗ ಪಿಂಗ್, ಅಂದರೆ ಡೇಟಾ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, ಏರುತ್ತದೆ, ಆ ಕಡೆಯವರು ‘ನಿಮ್ಮ ದನಿ ಕಟ್ ಆಗ್ತಿದೆ’ ಅನ್ನುತ್ತಾರೆ. ಡೌನ್‌ಲೋಡ್ ಎಷ್ಟೇ ಇದ್ದರೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಫೈಬರ್ ಪ್ಲಾನ್‌ಗಳಲ್ಲಿ ಎಷ್ಟೋ ಸಲ ಎರಡೂ ಕಡೆ ಒಂದೇ ಸ್ಪೀಡ್ ಕೊಡುತ್ತಾರೆ. ನಾನು ಮೊದಲನೆಯ ಆಫರ್ ಕಡೆ ವಾಲಿದ್ದಕ್ಕೆ ಮುಖ್ಯ ಕಾರಣ ಅದೇ. ನಿಮ್ಮ ಪ್ಲಾನಿನಲ್ಲೂ ಹಾಗೇ ಇದೆಯಾ ಅಂತ ಕೇಳಿಕೊಳ್ಳಿ.

5ಜಿ ಡಬ್ಬಿ ಕೆಟ್ಟದ್ದೇನಲ್ಲ. ಟವರ್ ಹತ್ತಿರ ಇದ್ದು, ಕಿಟಕಿ ಪಕ್ಕ ಇಟ್ಟರೆ ಚೆನ್ನಾಗಿಯೇ ಓಡುತ್ತದೆ. ಆದರೆ ಆ ಟವರನ್ನು ಸುತ್ತಲಿನ ಫೋನುಗಳೂ ಬಳಸುತ್ತವೆ, ಹಾಗಾಗಿ ಹೊತ್ತಿಗೊಂದು ಥರ ಇರುತ್ತದೆ. ಬಾಡಿಗೆ ಮನೆ, ಬೇಗ ಬಿಡಬೇಕು ಅನ್ನುವವರಿಗೆ, ಫೈಬರ್ ಇನ್ನೂ ಬಂದಿಲ್ಲದ ಬೀದಿಯವರಿಗೆ ಅದು ಸರಿ. ಬೇರೇನೂ ಸಿಗದ ಕಡೆ ಉಪಗ್ರಹದ ಇಂಟರ್ನೆಟ್ ಇದೆ. ಅದರಲ್ಲಿ ಎರಡು ಬಗೆ. 35,786 ಕಿಲೋಮೀಟರ್ ಮೇಲೆ ನಿಂತ ಉಪಗ್ರಹದ್ದಾದರೆ ಪ್ರತಿ ಸಲ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ತಡ. ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವವುಗಳಲ್ಲಿ ಆ ತೊಂದರೆ ಇಲ್ಲ. ನಿಮಗೆ ಇದು ಬೇಕಾಗಿಲ್ಲ, ಬಿಡಿ.

ದರಕ್ಕೆ ಬರೋಣ. ತಿಂಗಳ ದರ ನೋಡಿ ಹೋಲಿಸಲೇಬೇಡಿ. ಎರಡು ವರ್ಷಕ್ಕೆ ಒಟ್ಟು ಎಷ್ಟು ಕಟ್ಟುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಫೈಬರ್‌ನ ತಿಂಗಳ ದರ 100 ಅಂತಿಟ್ಟುಕೊಳ್ಳಿ. 24 ತಿಂಗಳಿಗೆ 2,400. ಅಗ್ಗದ ಆಫರ್ ಮೊದಲ ಆರು ತಿಂಗಳು 60, ಆಮೇಲೆ 120 ಅಂತಾದರೆ 360 ಮತ್ತು 2,160, ಒಟ್ಟು 2,520. ನೋಡಿ, ಅಗ್ಗದ್ದೇ ದುಬಾರಿ ಆಯಿತು. ಇದರ ಮೇಲೆ ತೆರಿಗೆ, ಇನ್‌ಸ್ಟಲೇಷನ್, ಡಿಪಾಸಿಟ್, ರೂಟರ್ ಬಾಡಿಗೆ ಸೇರಿಸಿ. ಜಾಹೀರಾತಿನ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಅಂತಲೂ ನೋಡಿ. ಫ್ರೀ ಸಿನಿಮಾ ಆ್ಯಪ್‌ಗಳಲ್ಲಿ ನೀವು ಈಗಾಗಲೇ ದುಡ್ಡು ಕೊಟ್ಟು ನೋಡುತ್ತಿರುವುದು ಯಾವುದೋ ಅದರ ಬೆಲೆಯನ್ನು ಮಾತ್ರ ಕಳೆಯಿರಿ. ಉಳಿದವು ನಿಮ್ಮ ಪಾಲಿಗೆ ಸೊನ್ನೆ. ಎಷ್ಟೋ ಸಲ ಅವು ಮೊಬೈಲಿನಲ್ಲಿ ಮಾತ್ರ ಓಡುವ, ಜಾಹೀರಾತು ತುಂಬಿದ ಪ್ಲಾನ್‌ಗಳಾಗಿರುತ್ತವೆ.

ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಫ್ರೀ ಅನ್ನುತ್ತಾರೆ. ಮೊದಲ ಸಲಕ್ಕೇ ಒಪ್ಪಬೇಡಿ. ದುಡ್ಡು ಅವರ ಕೈಗೆ ಹೋದ ಮೇಲೆ ಕಂಪ್ಲೇಂಟಿಗೆ ಬರುವ ಅವಸರ ಕಡಿಮೆಯಾಗುತ್ತದೆ. ನನ್ನ ಚಿಕ್ಕಮ್ಮನ ಮನೆಗೆ ಒಬ್ಬ ಸಣ್ಣ ಪ್ರೊವೈಡರ್ ಹೀಗೇ ಮಾಡಿದ್ದ. ಲೈನ್ ಹೋದರೆ ‘ನಾಳೆ ಬರ್ತೀವಿ ಮೇಡಂ’ ಅನ್ನುವುದು ಬಿಟ್ಟರೆ ಬೇರೆ ಉತ್ತರವೇ ಇರಲಿಲ್ಲ. ಒಂದೆರಡು ತಿಂಗಳು ನೋಡಿ, ಸಮಾಧಾನ ಆದರೆ ಆಮೇಲೆ ವರ್ಷದ್ದು ಕಟ್ಟಿ. ಕಾಂಟ್ರಾಕ್ಟ್ ಇದ್ದರೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ದಂಡ, ಮನೆ ಬದಲಾಯಿಸಿದರೆ ಲೈನ್ ಜೊತೆಗೆ ಬರುತ್ತದಾ, ಕಾಂಟ್ರಾಕ್ಟ್ ಮುಗಿಯುವ ಮೊದಲೇ ದರ ಏರಿಸುವ ಹಕ್ಕು ಅವರಿಗಿದೆಯಾ, ಇವನ್ನು ಓದಲೇಬೇಕು.

‘ಅನ್‌ಲಿಮಿಟೆಡ್’ ಅಂದರೂ ಹಿಂದೆ ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಅಂತ ಒಂದು ಡೇಟಾ ಮಿತಿ ಇರಬಹುದು. ಅಷ್ಟು ಡೇಟಾ ಮುಗಿದ ಮೇಲೆ ಸ್ಪೀಡ್ ಇಳಿಸಿಬಿಡುತ್ತಾರೆ. 4ಕೆಯಲ್ಲಿ ಗಂಟೆಗೆ ಸುಮಾರು 7 ಜಿಬಿ ಹೋಗುತ್ತದೆ. ದಿನಕ್ಕೆ ಎರಡು ಗಂಟೆ ನೋಡಿದರೆ ತಿಂಗಳಿಗೆ 400 ಜಿಬಿ ಮೇಲೆ. ಮಿತಿ ಎಷ್ಟು, ದಾಟಿದ ಮೇಲೆ ಎಷ್ಟು ಸ್ಪೀಡ್ ಉಳಿಯುತ್ತದೆ, ಎರಡನ್ನೂ ಕೇಳಿ.

ಇನ್ನು ಅಕ್ಕಪಕ್ಕದವರನ್ನು ವಿಚಾರಿಸುವುದು. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ಎಲ್ಲರೂ ‘ಪರವಾಗಿಲ್ಲ’ ಅನ್ನುತ್ತಾರೆ, ಅಲ್ವಾ? ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಕೊನೆಯ ಸಲ ಲೈನ್ ಹೋದದ್ದು ಯಾವಾಗ, ಸರಿ ಮಾಡಲು ಎಷ್ಟು ದಿನ ತಗೊಂಡರು?’ ಅಂತ ಕೇಳಿ. ಅದೇ ಕಟ್ಟಡ, ಅದೇ ಬೀದಿಯವರ ಉತ್ತರಕ್ಕೆ ಮಾತ್ರ ಬೆಲೆ ಕೊಡಿ. ಒಂದೇ ಕಂಪನಿ ಎರಡು ಬಡಾವಣೆಯಲ್ಲಿ ಎರಡು ಥರ ಇರುತ್ತದೆ, ಯಾಕೆಂದರೆ ಲೈನ್ ನೋಡಿಕೊಳ್ಳುವ ಹುಡುಗರು ಬೇರೆ. ಸಾಧ್ಯವಾದರೆ ರಾತ್ರಿ ಒಂಬತ್ತು ಗಂಟೆಗೆ ಅವರ ಮನೆಯಲ್ಲೇ ಒಂದು ಸ್ಪೀಡ್ ಟೆಸ್ಟ್ ಮಾಡಿ. ಟೆಸ್ಟ್ ಆ್ಯಪ್ ತಾನಾಗಿಯೇ ಕಂಪನಿಯ ಸ್ವಂತ ಸರ್ವರನ್ನು ಆರಿಸಿಕೊಂಡಿದ್ದರೆ ಅಂಕಿ ಚೆಂದ ಕಾಣುತ್ತದೆ. ಬೇರೆ ಸರ್ವರ್ ಆರಿಸಿ ಇನ್ನೊಮ್ಮೆ ನೋಡಿ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಅವರದೇ ಸರ್ವರ್‌ಗಳಿಂದ ಅಳೆಯುತ್ತದೆ, ಲೈನ್ ತುಂಬಿದಾಗಿನ ಪಿಂಗ್ ಅನ್ನೂ ತೋರಿಸುತ್ತದೆ.

ರೂಟರ್ ಬಗ್ಗೆ ಎರಡು ಮಾತು. ಅದು 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ಡ್ಯುಯಲ್ ಬ್ಯಾಂಡ್ ಆಗಿರಲಿ, ಕೇಬಲ್ ಚುಚ್ಚುವ ಪೋರ್ಟ್‌ಗಳು ಗಿಗಾಬಿಟ್ (1,000 ಎಂಬಿಪಿಎಸ್) ಆಗಿರಲಿ. ಹಳೆಯ 100 ಎಂಬಿಪಿಎಸ್ ಪೋರ್ಟಿನ ರೂಟರ್ ಇದ್ದರೆ 300ರ ಪ್ಲಾನ್ ಹಾಕಿಸಿಯೂ ನಿಮಗೆ ಸಿಗುವುದು 94ರ ಆಸುಪಾಸು. ಆಫೀಸ್ ಲ್ಯಾಪ್‌ಟಾಪಿಗೆ ನಾನಾದರೆ ವೈಫೈ ಬಿಟ್ಟು ರೂಟರಿನಿಂದ ನೆಟ್‌ವರ್ಕ್ ಕೇಬಲ್ಲೇ ಎಳೆಯುತ್ತೇನೆ. ಜನ ಕಂಪನಿಯನ್ನು ಬೈಯುವ ಎಷ್ಟೋ ತೊಂದರೆಗಳು ನಿಜಕ್ಕೂ ಮೂರು ಗೋಡೆ ಆಚೆ ಇಟ್ಟ ರೂಟರಿನದು.

ಹೊರಗಿನಿಂದ ಮನೆಯ ಕ್ಯಾಮೆರಾ ರೆಕಾರ್ಡರಿಗೋ ಸ್ವಂತ ಸರ್ವರಿಗೋ ನೇರವಾಗಿ ಕನೆಕ್ಟ್ ಆಗಬೇಕು ಅಂತಿದ್ದರೆ ಮಾತ್ರ ಇನ್ನೊಂದು ಪ್ರಶ್ನೆ: ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ) ಕೊಡುತ್ತೀರಾ, ಅಥವಾ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ಹಿಂದೆ ಹಾಕುತ್ತೀರಾ? ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ಅದು ಸಿಜಿನ್ಯಾಟ್, ಹೊರಗಿನಿಂದ ನೇರವಾಗಿ ಬರಲು ಆಗುವುದಿಲ್ಲ. ಬರೀ ಸಿನಿಮಾ, ಮೀಟಿಂಗ್ ಆದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಇಷ್ಟನ್ನೂ ಫೋನಿನಲ್ಲಿ ಕೇಳಬೇಡಿ. ಚಾಟ್‌ನಲ್ಲೋ ಇಮೇಲ್‌ನಲ್ಲೋ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಅಪ್‌ಲೋಡ್ ಸ್ಪೀಡ್ ಎಷ್ಟು ಅನ್ನುವ ಸರಳ ಪ್ರಶ್ನೆಗೂ ಎರಡು ದಿನ ಉತ್ತರ ಕೊಡದಿದ್ದರೆ, ಲೈನ್ ಕೆಟ್ಟಾಗ ಹೇಗಿರುತ್ತಾರೆ ಅಂತ ನೀವೇ ಊಹಿಸಿ. ಈಗ ಬೇರೆ ಲೈನ್ ಇದ್ದರೆ, ಹೊಸದು ಒಂದೆರಡು ವಾರ ಸಂಜೆ ಹೊತ್ತಲ್ಲೂ ನೆಟ್ಟಗೆ ಓಡಿದ ಮೇಲಷ್ಟೇ ಹಳೆಯದನ್ನು ತೆಗೆಸಿ. ಫೈಬರಿನವರು ಅಪ್‌ಲೋಡೂ 100 ಅಂತ ಬರೆದುಕೊಟ್ಟರೆ ಅವರಿಗೇ ಹೇಳಿಬಿಡಿ. ಇಲ್ಲವಾದರೆ ಮೂರರ ಅಂಕಿಗಳನ್ನೂ ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ, ಲೆಕ್ಕ ಹಾಕಿ ಹೇಳುತ್ತೇನೆ.