ಮಲೆನಾಡಿನ ಮಳೆಕಾಡು ಕಡಿದರೆ ಕೊಪ್ಪಳ, ರಾಯಚೂರಿನವರಿಗೆ ಏನು ನಷ್ಟ?

ನಷ್ಟ ನೇರವಾಗಿಯೇ ಇದೆ, ಏಕೆಂದರೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗೆ ಬರುವ ತುಂಗೆ, ಭದ್ರೆಯರ ನೀರು ಹುಟ್ಟುವುದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ದಟ್ಟ ಕಾಡಿನಲ್ಲಿ ಮಳೆಹನಿ ಮೊದಲು ಎಲೆಗಳ ಮೇಲೆ, ಬಳಿಕ ತರಗೆಲೆಯ ಹಾಸಿನ ಮೇಲೆ ಬಿದ್ದು, ಬೇರುಗಳು ಸಡಿಲಿಸಿದ ಮಣ್ಣಿನೊಳಗೆ ಇಂಗಿ, ಮಳೆಗಾಲ ಮುಗಿದ ಮೇಲೂ ಝರಿಯಾಗಿ ಹರಿಯುತ್ತಿರುತ್ತದೆ. ಕಾಡು ಕಡಿದು ಗಣಿ, ರಸ್ತೆ ಮಾಡಿದಲ್ಲಿ ಅದೇ ನೀರು ಮೇಲ್ಮಣ್ಣನ್ನು ಕೊಚ್ಚಿಕೊಂಡು ಒಮ್ಮೆಲೇ ಓಡಿಬರುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿರುವುದು ಹೂಳಿನಿಂದಲೇ. ಅದರಲ್ಲಿ ಬಯಲುಸೀಮೆಯ ಹೊಲಗಳ ಮಣ್ಣೂ ಸೇರಿದೆ, ಎಲ್ಲವನ್ನೂ ಮಲೆನಾಡಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನೀರು ಸಾಲದ ವರ್ಷ ಮೊದಲು ಒಣಗುವುದು ಮಾನ್ವಿ, ಸಿರವಾರದಂಥ ಕಾಲುವೆಯ ಕೊನೆಭಾಗದ ಗದ್ದೆಗಳು.

ಇಂಗಾಲದ ಲೆಕ್ಕವೂ ಈ ನೀರಿನ ಲೆಕ್ಕಕ್ಕೇ ಅಂಟಿಕೊಂಡಿದೆ. ಎಲೆಯ ಯಾವ ಸೂಕ್ಷ್ಮರಂಧ್ರದಿಂದ ಇಂಗಾಲದ ಡೈಆಕ್ಸೈಡ್ ಒಳಹೋಗುತ್ತದೆಯೋ ಅದರಿಂದಲೇ ನೀರಾವಿ ಹೊರಬಂದು ಮುಂದಿನ ಮೋಡಕ್ಕೆ ಸೇರುತ್ತದೆ. ಮರದ ಒಣತೂಕದ ಸುಮಾರು ಅರ್ಧದಷ್ಟು ಇಂಗಾಲವೇ ಆಗಿದ್ದು, ಸುಟ್ಟಾಗ ಅಥವಾ ಕೊಳೆತಾಗ ಅದು ಗಾಳಿಗೆ ಮರಳುತ್ತದೆ. ಕಾಡು ಕಡಿತ ಮತ್ತು ಬೆಂಕಿ ಹೆಚ್ಚಿರುವ ಅಮೆಜಾನ್‌ನ ಆಗ್ನೇಯ ಭಾಗವು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿದೆ ಎಂದು 2021ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಅಕೇಶಿಯಾ ನೆಡುತೋಪು ಹಸಿರಾಗಿ ಕಂಡರೂ ಕೆಲವೇ ವರ್ಷಗಳಲ್ಲಿ ಕಟಾವಾಗುವುದರಿಂದ, ಶತಮಾನಗಳ ಕಾಡು ಕೂಡಿಟ್ಟ ಇಂಗಾಲಕ್ಕೆ ಅದು ಸಮನಾಗದು.