ಕಟ್ಟಿಸಿದ್ದು ನಿಜ, ಆದರೆ ಯಾರಿಗಾಗಿ?

ಓದುಗರ ಪತ್ರ: ವಸಾಹತು ಕಾಲದ ಆಫ್ರಿಕಾ ಬಗ್ಗೆ ನೀವು ಬರೆದದ್ದೆಲ್ಲ ಬರೀ ಬೈಗುಳ. ಬಿಳಿಯರು ಅಲ್ಲಿ ಮಾನಸಿಕ ಆಸ್ಪತ್ರೆಗಳನ್ನಾದರೂ ಕಟ್ಟಿಸಿದರಲ್ಲ? ಅದಕ್ಕಾದರೂ ಒಂದು ಒಳ್ಳೆ ಮಾತು ಬೇಡವೇ?

ಸಂಪಾದಕರ ಉತ್ತರ: ಕಟ್ಟಿಸಿದ್ದು ನಿಜ ಸ್ವಾಮಿ. ಲಾಗೋಸ್‌ನ ಯಾಬಾದಲ್ಲಿ 1907ರಲ್ಲಿ, ನೈರೋಬಿಯಲ್ಲಿ 1910ರಲ್ಲಿ. ಆದರೆ ಅವು ಹೆಚ್ಚಾಗಿ ಊರಿಗೆ ತೊಂದರೆ ಕೊಟ್ಟವರನ್ನು ಕೂಡಿಹಾಕುವ ಜಾಗಗಳು. ಇಂದಿನ ಮಲಾವಿಯ ಜೊಂಬಾದಲ್ಲಂತೂ ಹುಚ್ಚಾಸ್ಪತ್ರೆ ಶುರುವಾಗಿದ್ದೇ ಜೈಲಿನಲ್ಲಿ.

ನೈರೋಬಿಯ ಮಥಾರಿ ಆಸ್ಪತ್ರೆಯನ್ನು 1938ರಿಂದ 1950ರವರೆಗೆ ನಡೆಸಿದವರು ಜೆ.ಸಿ. ಕ್ಯಾರೊಥರ್ಸ್. ಕೆಲಸಕ್ಕೆ ಸೇರುವಾಗ ಅವರು ಮನೋವೈದ್ಯಕೀಯ ಕಲಿತವರೇ ಅಲ್ಲ. ಆದರೂ 1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರ ಪುಸ್ತಕ ಪ್ರಕಟಿಸಿತು. ಆಫ್ರಿಕನ್ನರ ಮನಸ್ಸನ್ನು ಅವರು ಹೋಲಿಸಿದ್ದು ಮೆದುಳಿನ ಆಪರೇಷನ್ ಆದ ಯುರೋಪಿಯನ್ನರ ಮನಸ್ಸಿಗೆ! ಓದಿದರೆ ಮೈ ಉರಿಯುತ್ತದೆ.

ಒಳ್ಳೆ ಮಾತು ಕೇಳಿದಿರಲ್ಲ, ಇದೆ. ಮಾರ್ಟಿನಿಕ್ ದ್ವೀಪದ ಕರಿಯ ವೈದ್ಯ ಫ್ರಾಂಟ್ಸ್ ಫ್ಯಾನನ್ 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಬಂದರು. ಯುರೋಪಿಯನ್ ಹೆಂಗಸರ ವಾರ್ಡಿನಲ್ಲಿ ಸಭೆ, ಹಬ್ಬ, ಸಿನಿಮಾ, ಪತ್ರಿಕೆ ಶುರು ಮಾಡಿದರು. ಚೆನ್ನಾಗಿ ನಡೆಯಿತು. ಅದನ್ನೇ ಮುಸ್ಲಿಂ ಗಂಡಸರ ವಾರ್ಡಿಗೆ ತಂದರೆ ಯಾರೂ ತುಟಿ ಬಿಚ್ಚಲಿಲ್ಲ. ಬುಟ್ಟಿ ಹೆಣೆಯಿರಿ ಅಂದರೆ ಅದು ಹೆಂಗಸರ ಕೆಲಸ ಅಂತ ಸುಮ್ನೆ ಕೂತರು. ವೈದ್ಯರಿಗೆ ಅರಬ್ಬಿ ಬಾರದು, ಮಾತೆಲ್ಲ ದುಭಾಷಿ ಮೂಲಕ. ರೋಗಿಗಳಲ್ಲಿ ದೋಷ ಹುಡುಕುವುದು ಎಷ್ಟು ಸುಲಭವಿತ್ತು! ಫ್ಯಾನನ್ ದೋಷ ತಮ್ಮ ಕ್ರಮದ್ದೇ ಅಂದರು. ವಾರ್ಡಿಗೆ ಊರಿನಂಥದ್ದೇ ಕಾಫಿ ಅಂಗಡಿ ಬಂತು, ಮುಸ್ಲಿಂ ಹಬ್ಬಗಳು ಬಂದವು, ಕಥೆ ಹೇಳುವವನು ಬಂದ. ಕೈಗೆ ಗುದ್ದಲಿ ಕೊಟ್ಟಾಗ ಗಂಡಸರು ತೋಟಕ್ಕೆ ಇಳಿದರು. ಆದರೆ ಹೊರಗೆ ಫ್ರೆಂಚರ ಆಳ್ವಿಕೆ ವಿರುದ್ಧ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ನಡೆದಿತ್ತು. 1956ರ ಕೊನೆಗೆ ಫ್ಯಾನನ್ ರಾಜೀನಾಮೆ ಕೊಟ್ಟರು, ಸರ್ಕಾರ ಅವರನ್ನು ದೇಶದಿಂದಲೇ ಹೊರಹಾಕಿತು.

ಇನ್ನೊಂದು ಒಳ್ಳೆ ಮಾತು ನೈಜೀರಿಯಾದ ಅರೋ ಮಾನಸಿಕ ಆಸ್ಪತ್ರೆಯದ್ದು. ಅದು ಬ್ರಿಟಿಷರ ಕಾಲದ್ದೇ, ಆದರೆ ದಾರಿ ಹುಡುಕಿದವರು ಅಲ್ಲಿಯವರೇ ಆದ ಡಾ. ಥಾಮಸ್ ಅಡೆಯೊಯೆ ಲ್ಯಾಂಬೊ. 1954ರಿಂದ ರೋಗಿಗಳನ್ನು ಸುತ್ತಲಿನ ಹಳ್ಳಿಗಳಲ್ಲೇ ಇಟ್ಟರು. ಜೊತೆಗೆ ಮನೆಯವರೊಬ್ಬರು, ತಾಯಿಯೋ ಅಕ್ಕನೋ, ಬಂದಿದ್ದು ಅಡುಗೆ ಮಾಡಿ ನೋಡಿಕೊಳ್ಳಬೇಕು. ಹಗಲು ಆಸ್ಪತ್ರೆಯಲ್ಲಿ ಚಿಕಿತ್ಸೆ, ಸಂಜೆ ಮತ್ತೆ ಹಳ್ಳಿಗೆ. ನಾಟಿ ವೈದ್ಯರನ್ನೂ ಅವರು ದೂರ ಇಡಲಿಲ್ಲ. ಕ್ಯಾರೊಥರ್ಸ್ ಪುಸ್ತಕ ಪ್ರಕಟಿಸಿದ ವಿಶ್ವ ಆರೋಗ್ಯ ಸಂಸ್ಥೆಗೇ ಲ್ಯಾಂಬೊ ಮುಂದೆ ಉಪ ಮಹಾನಿರ್ದೇಶಕರಾದರು.