ಹಿಮದ ರಸ್ತೆಗೆ ಯಾವ ಟೈರ್, ಎಷ್ಟು ಇಂಚಿನ ಚಕ್ರ?

ಪ್ರಶ್ನೆ: ನಾವು ದಾವಣಗೆರೆಯವರು, ಈಗ ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಬೇಸಿಗೆಯಲ್ಲಿ 2021ರ ಹೋಂಡಾ ಸಿಆರ್‌-ವಿ ಟೂರಿಂಗ್ ಕೊಂಡೆವು. ಅದರಲ್ಲಿ 235/55 ಆರ್ 19 ಅಳತೆಯ ಆಲ್ ಸೀಸನ್ ಟೈರುಗಳಿವೆ, ಬಟನ್ (ಟ್ರೆಡ್) ಇನ್ನೂ ಚೆನ್ನಾಗಿದೆ. ಆಲ್ ವೀಲ್ ಡ್ರೈವ್ ಗಾಡಿಗೆ ಬೇರೆ ಟೈರ್ ಯಾಕೆ ಎನ್ನುತ್ತಾರೆ ನಮ್ಮ ಭಾವ. ಅಂಗಡಿಯವರು 17 ಇಂಚಿನ ಚಕ್ರಕ್ಕೆ ಇಳಿಯಿರಿ ಎನ್ನುತ್ತಾರೆ. ಸಣ್ಣ ಚಕ್ರ ಹಾಕಿದರೆ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲವೇ? ಡಿಸೆಂಬರ್ ಕೊನೆಗೆ ಮಾಂಟ್ರಿಯಲ್‌ಗೆ ಹೋಗುವುದಿದೆ.

ಉತ್ತರ: ಭಾವನವರ ಮಾತು ಅರ್ಧ ಸರಿ. ಆಲ್ ವೀಲ್ ಡ್ರೈವ್ ಇದ್ದರೆ ಹಿಮದಲ್ಲಿ ಗಾಡಿ ಸಲೀಸಾಗಿ ಹೊರಡುತ್ತದೆ. ನಿಲ್ಲಿಸುವಾಗ ಅದರ ಪಾತ್ರವೇನೂ ಇಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಬೀಳುತ್ತದೆ. ಹೊರಡುವಾಗ ಸಿಕ್ಕ ಧೈರ್ಯಕ್ಕೆ ವೇಗ ಏರಿಸಿಕೊಂಡವರಿಗೆ ವ್ಯತ್ಯಾಸ ತಿಳಿಯುವುದು ಮುಂದಿನ ಕೆಂಪು ದೀಪದ ಹತ್ತಿರ.

ಬಟನ್ ಚೆನ್ನಾಗಿರುವುದೂ ಇಲ್ಲಿ ಸಾಲದು. ಹವೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಸಾಮಾನ್ಯ ಟೈರಿನ ರಬ್ಬರ್ ಬಿರುಸಾಗುತ್ತ ಹೋಗುತ್ತದೆ, ರಸ್ತೆಯ ಮೇಲೆ ಕಚ್ಚಿ ಕೂರುವುದಿಲ್ಲ. ಚಳಿಗಾಲದ ಟೈರಿನ ರಬ್ಬರ್ ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಬಟನ್ನುಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿರುತ್ತವೆ. ಹಿಮವನ್ನು ಹಿಡಿಯುವ ಅಂಚುಗಳು ಅವೇ. ಮಂಜುಗಡ್ಡೆ ಹೆಚ್ಚು ಜಾರುವುದು ಮೈನಸ್ 20ರಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ, ಮೇಲೊಂದು ತೆಳು ನೀರಿನ ಪದರ ನಿಂತಾಗ. ಟೊರಾಂಟೊ ಸುತ್ತಲಿನ ಚಳಿಗಾಲದಲ್ಲಿ ಇಂಥ ದಿನಗಳಿಗೆ ಬರವಿಲ್ಲ.

ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಆ ಗುರುತು ಸಿಗಬೇಕಾದರೆ ಟೈರ್ ಹಿಮದ ಮೇಲೆ ಪರೀಕ್ಷೆಯಲ್ಲಿ ಗೆದ್ದಿರಬೇಕು. ಬರೀ 'ಎಂ+ಎಸ್' (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿದ್ದರೆ ಅದು ಟ್ರೆಡ್‌ನ ವಿನ್ಯಾಸದ ಮಾತು ಅಷ್ಟೇ, ನಿಮ್ಮ ಆಲ್ ಸೀಸನ್ ಟೈರಿನ ಮೇಲೂ ಅದು ಇದ್ದೀತು. ವರ್ಷಕ್ಕೆ ಎರಡು ಸಲ ಬದಲಿಸುವ ಉಸಾಬರಿ ಬೇಡ ಎನ್ನುವವರಿಗೆ ಬೆಟ್ಟದ ಗುರುತಿರುವ 'ಆಲ್ ವೆದರ್' ಟೈರುಗಳಿವೆ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಂಥದ್ದೇ. ಊರೊಳಗೆ ಮಾತ್ರ ಓಡಿಸುವವರಿಗೆ ಅದು ಸಾಕು. ಡಿಸೆಂಬರ್ ಕೊನೆಯಲ್ಲಿ 401 ಹೆದ್ದಾರಿ ಹಿಡಿದು ಮಾಂಟ್ರಿಯಲ್‌ಗೆ ಹೊರಡುವ ನಿಮಗೆ ನಾನು ಅಪ್ಪಟ ಚಳಿಗಾಲದ ಟೈರನ್ನೇ ಹೇಳುತ್ತೇನೆ.

ಈಗ ಚಕ್ರದ ಲೆಕ್ಕ. 235 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಆ ಅಗಲದ ಶೇ 55ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 129 ಮಿ.ಮೀ. ಮೇಲೊಂದು, ಕೆಳಗೊಂದು ಗೋಡೆ, ನಡುವೆ 19 ಇಂಚಿನ ರಿಮ್, ಎಲ್ಲ ಕೂಡಿಸಿದರೆ ಒಟ್ಟು ವ್ಯಾಸ 741 ಮಿ.ಮೀ. ಅಂಗಡಿಯವರು ಹೇಳುತ್ತಿರುವುದು 235/65 ಆರ್ 17 ಇರಬೇಕು. ಅದನ್ನೂ ಹೀಗೆಯೇ ಕೂಡಿಸಿ: 737 ಮಿ.ಮೀ. ರಿಮ್ ಸಣ್ಣದಾದಷ್ಟು ಗೋಡೆ ಎತ್ತರವಾಗಿದೆ, ಇಡೀ ಚಕ್ರದ ಅಳತೆ ಹೆಚ್ಚುಕಡಿಮೆ ಅಲ್ಲೇ ಇದೆ. ವ್ಯತ್ಯಾಸ ಶೇ ಅರ್ಧದಷ್ಟು. ಸ್ಪೀಡೋಮೀಟರ್ ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಹೆಚ್ಚು ತೋರಿಸೀತು, ಅದೂ 100ರ ವೇಗದಲ್ಲಿ. ಈ 17 ಇಂಚಿನ ಅಳತೆಯನ್ನು ಇದೇ ಪೀಳಿಗೆಯ ಎಲ್‌ಎಕ್ಸ್ ಮಾದರಿಗೆ ಹೋಂಡಾ ತಾನೇ ಕೊಟ್ಟಿದೆ. ಅಂಗಡಿಯವರು ನಿಮಗೆ ಮೋಸ ಮಾಡುತ್ತಿಲ್ಲ.

ಲಾಭ ಏನೆಂದರೆ, ಪಕ್ಕದ ಗೋಡೆ 129ರಿಂದ 153 ಮಿ.ಮೀ.ಗೆ ಏರುತ್ತದೆ. ನೀರು ಬಿರುಕಿಗಿಳಿದು, ಹೆಪ್ಪುಗಟ್ಟಿ, ಕರಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಒಂಟಾರಿಯೊ ರಸ್ತೆಗಳಲ್ಲಿ ಬೀಳುವ ಗುಂಡಿಗಳ ಅಂಚಿಗೂ ನಿಮ್ಮ ರಿಮ್ಮಿಗೂ ನಡುವೆ ಅಷ್ಟು ಹೆಚ್ಚು ರಬ್ಬರ್ ಇರುತ್ತದೆ. 19 ಇಂಚಿನ ಚಕ್ರ ಶೋರೂಮಿನ ಬೆಳಕಿಗೆ ಚೆಂದ. ಹಿಮ ಕರಗಲೆಂದು ಉಪ್ಪು ಸುರಿದ ರಸ್ತೆಗೆ ಅದರ ಹೊಳಪು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. 17ರ ಟೈರ್ ಅಗ್ಗ ಕೂಡ. ಉಳಿದ ಹಣಕ್ಕೆ ಪ್ರತ್ಯೇಕ ಉಕ್ಕಿನ ರಿಮ್‌ಗಳನ್ನೇ ಕೊಂಡು ಟೈರನ್ನು ಅದರಲ್ಲೇ ಬಿಡಿ. ಪ್ರತಿ ಋತುವಿಗೂ ರಿಮ್ಮಿನಿಂದ ಟೈರ್ ಕಿತ್ತು, ಹಾಕಿ, ಬ್ಯಾಲೆನ್ಸ್ ಮಾಡಿಸುವ ಖರ್ಚು ತಪ್ಪುತ್ತದೆ.

ರಿಮ್ ಕೊಳ್ಳುವಾಗ ಎಡವುವುದು ಸಣ್ಣ ವಿಷಯಗಳಲ್ಲಿ. ಐದು ಬೋಲ್ಟುಗಳ ವೃತ್ತ 114.3 ಮಿ.ಮೀ. ಎಂಬುದನ್ನು ಎಲ್ಲರೂ ನೋಡುತ್ತಾರೆ. ನಡುವಿನ ರಂಧ್ರವನ್ನು ನೋಡುವವರು ಕಡಿಮೆ. ಹೋಂಡಾ ಹಬ್ (ಕಾರಿನಲ್ಲಿ ರಿಮ್ಮಿನ ನಡುರಂಧ್ರ ಕೂರುವ ಭಾಗ) 64.1 ಮಿ.ಮೀ., ಹೊರಗಿನ ರಿಮ್‌ಗಳ ರಂಧ್ರ ಎಷ್ಟೋ ಸಲ ಅದಕ್ಕಿಂತ ದೊಡ್ಡದು. ನಡುವಿನ ಸಂದು ತುಂಬಲು ಉಂಗುರ ಹಾಕದಿದ್ದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗುತ್ತದೆ, ನೀವು ಬ್ಯಾಲೆನ್ಸಿಂಗ್ ಮಾಡಿದವನನ್ನು ಬೈಯುತ್ತೀರಿ. ಇನ್ನು ನಟ್. ಹೋಂಡಾ ಚಕ್ರದ ಮೂಲ ನಟ್‌ನ ತಳ ಚೆಂಡಿನಂತೆ ಗುಂಡಗಿದೆ. ಹೊರಗಿನ ಬಹುತೇಕ ರಿಮ್‌ಗಳು ಬೇಡುವುದು ಶಂಕುವಿನಾಕಾರದ ತಳವನ್ನು. ಗುಂಡು ನಟ್ಟನ್ನು ಶಂಕುವಿನ ಗುಳಿಯಲ್ಲಿ ಬಿಗಿದರೆ ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ತಾಗುವುದು ಒಂದು ಗೆರೆಯಷ್ಟೇ, ಓಡುತ್ತ ಸಡಿಲಾಗುತ್ತದೆ. ಹೊಸ ರಿಮ್ಮಿಗೆ ಹೊಂದುವ ನಟ್ ಸೆಟ್ ಕೇಳಿ ಪಡೆಯಿರಿ. ಟೈರ್ ಏರಿಸುವ ಮೊದಲು ಬರೀ ರಿಮ್ಮನ್ನು ಕಾರಿಗೆ ಕೂರಿಸಿ, ಕೈಯಿಂದ ತಿರುಗಿಸಿ, ಬ್ರೇಕ್ ಕ್ಯಾಲಿಪರಿಗೆ ತಾಗುವುದಿಲ್ಲವೆಂದು ನೋಡಿಸಿ. ಚಕ್ರ ಹಾಕಿಸಿ 100 ಕಿ.ಮೀ. ಓಡಿಸುವುದರೊಳಗೆ ಟಾರ್ಕ್ ವ್ರೆಂಚಿನಿಂದ ಇನ್ನೊಮ್ಮೆ ಬಿಗಿ ನೋಡುವುದು ಕಡ್ಡಾಯ ಎಂದೇ ತಿಳಿಯಿರಿ.

ಟೈರಿನ ಮೇಲಿನ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದೆಂದು ಹೇಳುವ ಸಂಖ್ಯೆ) ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಆಗಕೂಡದು. ಗರಿಷ್ಠ ವೇಗ ಹೇಳುವ ಅಕ್ಷರ ಒಂದು ಮೆಟ್ಟಿಲು ಇಳಿದರೆ ಚಿಂತೆಯಿಲ್ಲ: 'ಟಿ' ಎಂದರೂ ಗಂಟೆಗೆ 190 ಕಿ.ಮೀ. ಗಾಳಿಯ ಒತ್ತಡವನ್ನು ಗ್ಯಾರೇಜಿನ ಬೆಚ್ಚಗಿನಲ್ಲಿ ನೋಡಬೇಡಿ. ಸುಮಾರು ಐದೂವರೆ ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಇಳಿಯುತ್ತದೆ. ನಿಮ್ಮ ಸಿಆರ್‌-ವಿ ಚಕ್ರದೊಳಗೆ ಒತ್ತಡದ ಸೆನ್ಸರ್ ಇಟ್ಟಿಲ್ಲ, ಚಕ್ರ ತಿರುಗುವ ವೇಗದಿಂದ ಊಹಿಸುತ್ತದೆ. ಹಾಗಾಗಿ ಹೊಸ ಸೆನ್ಸರಿಗೆ ದುಡ್ಡು ಕೊಡಬೇಕಿಲ್ಲ, ಮೆನುವಿನಲ್ಲಿ ಕ್ಯಾಲಿಬ್ರೇಷನ್ ಒತ್ತಿದರೆ ಆಯಿತು.

ನಾಲ್ಕೂ ಒಂದೇ ಬಗೆಯವು ಇರಲಿ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ.

ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಅದು ಅಲ್ಲಿ ನೋಂದಾಯಿಸಿದ ಗಾಡಿಗಳಿಗೆ. ಒಂಟಾರಿಯೊದ ನಿಮಗೆ ದಂಡವಿಲ್ಲ, ಆದರೆ ಜಾರುವ ರಸ್ತೆ ನಿಮಗೆ ವಿನಾಯಿತಿ ಕೊಡುವುದಿಲ್ಲ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲದಿದ್ದರೂ ಚಳಿಗಾಲದ ಟೈರ್ ಹಾಕಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರ ಜನವರಿಯಿಂದ ಇದೆ. ಫೋನ್ ಮಾಡಿ ಕೇಳಿ. ಕೇಳದವರಿಗೆ ಅವರಾಗಿ ಕೊಡುವುದು ಅಪರೂಪ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ. ನನ್ನ ಫೋಕ್ಸ್‌ವ್ಯಾಗನ್ ಟಿಗ್ವಾನ್‌ಗೆ 255/45 ಆರ್ 19 ಬೇಸಿಗೆ ಟೈರ್ ಇದೆ. ಸಹೋದ್ಯೋಗಿಯೊಬ್ಬರು 215/65 ಆರ್ 17ರ ಹಳೆಯ ಸೆಟ್ ಅಗ್ಗಕ್ಕೆ ಕೊಡುತ್ತಿದ್ದಾರೆ. ಎಂ+ಎಸ್ ಎಂದಿದೆ, 2016ರ ತಯಾರಿಕೆ. ಕೊಳ್ಳಲೇ? ಕ್ರಿಸ್‌ಮಸ್ ರಜೆಗೆ ಸಾಲ್ಜ್‌ಬರ್ಗ್‌ಗೆ ಹೋಗುವ ಯೋಚನೆಯಿದೆ.

ಉತ್ತರ: ಅಳತೆ ಒಳ್ಳೆಯದು, ಟೈರ್ ಬೇಡ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಬೆಟ್ಟ ಮತ್ತು ಹಿಮದ ಹರಳಿನ ಗುರುತಿರುವ ಟೈರ್ ಮಾತ್ರ ಚಳಿಗಾಲದ ಟೈರ್ ಎಂದು ಲೆಕ್ಕ. ಬರೀ ಎಂ+ಎಸ್‌ಗೆ ಕಾನೂನಿನ ಬೆಲೆಯಿಲ್ಲ. ಅಲ್ಲಿನ ನಿಯಮಕ್ಕೆ ಕ್ಯಾಲೆಂಡರಿನ ದಿನಾಂಕವಿಲ್ಲ, ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಟೈರ್ ಇರಬೇಕು. ಇಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡದ ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ತಪ್ಪಿನ ಪಾಯಿಂಟ್. ಗಡಿ ದಾಟಿದರೆ ಆಸ್ಟ್ರಿಯಾ ಇನ್ನೂ ಬಿಗಿ: ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಸ್ಥಿತಿಯಲ್ಲಿ ಈ ಟೈರುಗಳ ಟ್ರೆಡ್ ಕನಿಷ್ಠ 4 ಮಿ.ಮೀ. ಇರಬೇಕು. ಜರ್ಮನಿಯ 1.6ಕ್ಕೆ ಪಾಸಾದದ್ದು ಅಲ್ಲಿ ಪಾಸಾಗುವುದಿಲ್ಲ.

ಸಹೋದ್ಯೋಗಿ ರಿಮ್‌ಗಳನ್ನೂ ಕೊಡುವುದಾದರೆ ಅವನ್ನಷ್ಟೇ ಕೊಂಡು ಹೊಸ ಟೈರ್ ಹಾಕಿಸಿ. ಆದರೆ ಮೊದಲು ಕಾರಿನ ಸಿಒಸಿ (ತಯಾರಕರು ಕೊಡುವ ಅನುರೂಪತಾ ಪ್ರಮಾಣಪತ್ರ) ಕಾಗದ ತೆಗೆದು ನೋಡಿ. ನೋಂದಣಿ ಪತ್ರದಲ್ಲಿ ಒಂದೇ ಅಳತೆ ಇರುತ್ತದೆ, ಅನುಮತಿಯಿರುವ ಉಳಿದ ಅಳತೆಗಳು ಸಿಒಸಿಯಲ್ಲಿರುತ್ತವೆ. 255ರಷ್ಟು ಅಗಲದ ಟೈರಿಗೆ ಸ್ನೋ ಚೈನ್ ಕೂರಿಸಲು ಸಾಮಾನ್ಯವಾಗಿ ಜಾಗವೇ ಸಿಗದು. ಆಲ್ಪ್ಸ್ ಕಡೆ ಹೋಗುವವರು ಕಿರಿದಾದ 215ಕ್ಕೆ ಇಳಿಯಲು ಇದೊಂದೇ ಕಾರಣ ಸಾಕು.

ಪ್ರಶ್ನೆ: ಜನವರಿಯಲ್ಲಿ ಹುಬ್ಬಳ್ಳಿಯಿಂದ ಕ್ರೆಟಾದಲ್ಲಿ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಸಿಸ್ಸು ನೋಡುವ ಆಸೆ. ಚಳಿಗಾಲದ ಟೈರ್ ಹಾಕಿಸಬೇಕೇ?

ಉತ್ತರ: ಬೇಡ. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬೆಚ್ಚಗಿನ ರಸ್ತೆಯಲ್ಲಿ ಓಡಿ ಆ ಮೆತ್ತಗಿನ ರಬ್ಬರ್ ಸುಮ್ಮನೆ ಸವೆಯುತ್ತದೆ. ಈಗಿನ ಟೈರಿನ ಟ್ರೆಡ್ ಆಳವಾಗಿದೆಯೇ ನೋಡಿಕೊಳ್ಳಿ, ಟೈರಿನ ಅಳತೆ ಹೇಳಿ ಅದಕ್ಕೆ ಸರಿಹೊಂದುವ ಸ್ನೋ ಚೈನ್ ಒಂದು ಜೊತೆ ಇಟ್ಟುಕೊಳ್ಳಿ. ಕ್ರೆಟಾ ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ, ಚೈನ್ ಮುಂದಕ್ಕೇ. ಮನೆಯ ಅಂಗಳದಲ್ಲಿ ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಿ. ಚೈನ್ ಹಾಕಿದ ಮೇಲೆ ಗಂಟೆಗೆ 50 ಕಿ.ಮೀ. ವೇಗ ಮೀರಬೇಡಿ, ಹಿಮ ಮುಗಿದು ಡಾಂಬರು ಕಂಡ ಕೂಡಲೇ ತೆಗೆಯಿರಿ.

ಹಿಮ ಜೋರಾದ ದಿನ ಪೊಲೀಸರು ಸುರಂಗದ ಕಡೆಗೆ ಫೋರ್ ಬೈ ಫೋರ್ ಗಾಡಿಗಳನ್ನು ಮಾತ್ರ ಬಿಡುವುದುಂಟು. ಅಂದು ಅವರ ಜೊತೆ ವಾದಕ್ಕಿಳಿಯದೆ ಕಾರನ್ನು ಮನಾಲಿಯಲ್ಲೇ ಬಿಟ್ಟು ಅಲ್ಲಿನ ಟ್ಯಾಕ್ಸಿ ಹಿಡಿಯಿರಿ. ರಾತ್ರಿ ನಿಲ್ಲಿಸುವಾಗ ಕೈಬ್ರೇಕ್ ಎಳೆದಿಡಬೇಡಿ, ಹೆಪ್ಪುಗಟ್ಟಿ ಹಿಡಿದುಕೊಂಡೀತು. ಗೇರಿನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ. ಗಾಜು ತೊಳೆಯುವ ಟ್ಯಾಂಕಿನಲ್ಲಿ ಹುಬ್ಬಳ್ಳಿಯ ನಲ್ಲಿ ನೀರು ಇದ್ದರೆ ಮನಾಲಿ ತಲುಪುವ ಮೊದಲೇ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ತುಂಬಿಸಿ.